ಆ ಹಂದಿಯನ್ನು ತಿಂದವರು ಯಾರು?

ತೈನ್ಮಲ್‌ಗೆ ಕೋಪ ಬಂದದ್ದು ಊರಿನಲ್ಲಿ ಎಲ್ಲರಿಗಿಂತ ಮೊದಲು ನಾಯಿಗಳಿಗೆ ಗೊತ್ತಾಗುತ್ತದೆ. ಅವು ಬಾಲ ಮುದುರಿಕೊಂಡು ಅವನ ಹೆಂಡತಿ ಲೀನೆಟ್‌ಳ ಒಲೆಮನೆಯ ಹಿಂದೆ ಸೇರಿಕೊಳ್ಳುತ್ತವೆ. ಆ ಬೆಳಿಗ್ಗೆ ನಾಯಿಗಳು ಓಡಿ ಬಂದದ್ದು ಗುಡ್ಡದ ಕಡೆಯಿಂದ. ಗುಡ್ಡದ ಮೇಲೆ ಒಂದು ಆಲದ ಮರವಿದೆ. ಅಂಬ್ರಿಮ್ ದ್ವೀಪದ ಈ ಉತ್ತರದ ಮೂಲೆಯಲ್ಲಿ ಫೋನಿಗೆ ಜೀವ ಬರುವುದು ಆ ಮರದ ಬುಡದಲ್ಲಿ ಮಾತ್ರ. ತೈನ್ಮಲ್ ಅಲ್ಲಿ ನಿಂತು, ಫೋನಿಲ್ಲದಿದ್ದರೂ ಪೋರ್ಟ್ ವಿಲಾ ಪಟ್ಟಣಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗುತ್ತಿದ್ದ.

“ನಕಲಿಯಾ? ನಂದು ನಕಲಿ ಅಂದೋನು ಯಾವನೇ ಅವನು?”

“ಭಾವ, ನನ್ ಕಿವಿ ಇನ್ನೂ ಸ್ವಲ್ಪ ದಿನ ಬೇಕು ನಂಗೆ. ಮೆಲ್ಲಗೆ,” ಎಂದಳು ಆ ಕಡೆಯಿಂದ ಎವ್ಲಿನ್. ಅವಳು ಲೀನೆಟ್‌ಳ ತಂಗಿ, ವಿಲಾದಲ್ಲಿ ವಕೀಲೆ. “ನಾನಲ್ಲ ಅಂದಿದ್ದು. ಆಸ್ಟ್ರೇಲಿಯಾದ ಬಂದರಿನಲ್ಲಿ ನಿನ್ನ ತಮ್‌ತಮ್ ಇಳೀತಿದ್ದ ಹಾಗೇ ಹಿಡಿದಿಟ್ಟಿದ್ದಾರೆ. ಅದರ ಮೇಲಿನ ಮುಖ ಅಲ್ಲಿನ ಒಂದು ಕಂಪನಿ ಹೆಸರಿಗೆ ದಾಖಲಾಗಿದೆಯಂತೆ. ಆ ಕಂಪನಿ ಒಪ್ಪಿದ್ರೆ ಸರಿ. ಇಲ್ಲಾಂದ್ರೆ ನಕಲಿ ಮಾಲು ಅಂತ ನಿಂದನ್ನ ಪುಡಿ ಮಾಡಿಬಿಡ್ತಾರೆ.”

ತೈನ್ಮಲ್ ಮರದ ಬೇರಿನ ಮೇಲೆ ಕೂತುಬಿಟ್ಟ.

ಆ ತಮ್‌ತಮ್‌ಗಾಗಿ ಅವನು ಇಡೀ ಮಳೆಗಾಲ ಬಾಚಿ ಹಿಡಿದಿದ್ದ. ದೀವಿಹಲಸಿನ ದಿಮ್ಮಿಯ ನಗಾರಿ, ಎರಡಾಳು ಎತ್ತರ. ಹೊಟ್ಟೆಯಲ್ಲಿ ಉದ್ದ ಸೀಳು, ಒಳಗೆ ಪೊಳ್ಳು, ಮೇಲೆ ತಟ್ಟೆಗಣ್ಣಿನ ಮುಖ. ಕೋಲಿನಿಂದ ಬಡಿದರೆ ಆಚೆಯ ಕಣಿವೆಯವರು ಎದ್ದು ಕೂರಬೇಕು. ಕಡಲಾಚೆಯ ಒಂದು ಊರಿನ ಗ್ರಂಥಾಲಯದವರು ತಮ್ಮ ತೋಟದಲ್ಲಿ ನಿಲ್ಲಿಸುತ್ತೇವೆಂದು ಕೇಳಿ ಮಾಡಿಸಿದ್ದರು. ಹಡಗಿಗೆ ಏರಿಸುವಾಗ ಯಾರೂ ಮುಟ್ಟಬಾರದೆಂದು ತೈನ್ಮಲ್ ಅದಕ್ಕೆ ನಮೆಲೆ ಎಲೆ ಕಟ್ಟಿದ್ದ. ನಮೆಲೆ ಎಲೆ ಕಟ್ಟಿದ ವಸ್ತುವನ್ನು ಈ ದ್ವೀಪಗಳಲ್ಲಿ ಕಳ್ಳನೂ ಮುಟ್ಟುವುದಿಲ್ಲ. ಆ ಬಂದರಿನವರು ಎಲೆಯಲ್ಲಿ ಹುಳ ಇರಬಹುದೆಂದು ಮೊದಲು ಅದನ್ನೇ ಕಿತ್ತು ಸುಟ್ಟಿದ್ದರು.

“ಎಲೇನೂ ಸುಟ್ರಾ?”

“ಹೂಂ.”

“ನಾನು ಆಮೇಲೆ ಮಾತಾಡ್ತೀನಿ,” ಎಂದು ಫೋನು ಇಟ್ಟು ತೈನ್ಮಲ್ ಗುಡ್ಡ ಇಳಿದ.

ಸಂಜೆ ಗಂಡಸರೆಲ್ಲ ನಕಮಾಲ್ ಎಂಬ ಕೂಟದ ಮನೆಯಲ್ಲಿ ಕಾವಾ ಬೇರಿನ ರಸ ಕುಡಿಯಲು ಸೇರಿದಾಗ ಅವನು ವಿಷಯ ಹೇಳಿದ. ಮುಖಂಡ ಬೊಂಗ್ಮೌ ಎದ್ದು ತೆಂಗಿನ ಚಿಪ್ಪನ್ನು ಖಾಲಿ ಮಾಡಿ, ಉಗುಳಿ, ಬಂದು ಕುಳಿತ. ಬಾಯಲ್ಲಿ ಹಲ್ಲು ಕಡಿಮೆ, ಬುದ್ಧಿ ಪೂರ್ತಿ ಎಂದು ಹೆಸರಾದ ಮುದುಕ. ಬೆಂಕಿಗೆ ಒಂದು ಕಟ್ಟಿಗೆ ತಳ್ಳಿ ಹೇಳಿದ:

“ಮುಖ ಕಂಪನಿ ಹತ್ರ ಇದೆ ಅಂದ್ಮೇಲೆ ಕಂಪನಿ ಹಂದಿ ಕೊಟ್ಟಿರಬೇಕು. ಕೊಟ್ಟಿದ್ದು ಹೌದಾದ್ರೆ ಇಲ್ಲಿ ಯಾರೋ ತಿಂದಿರಬೇಕು. ತಿಂದೋರು ಯಾರು?”

ಯಾರೂ ಈ ಮಾತಿಗೆ ಅಡ್ಡ ಹೇಳಲಿಲ್ಲ. ಹೇಳುವುದಕ್ಕೇನಿದೆ? ಈ ಊರಿನಲ್ಲಿ ಒಂದು ಮುಖ, ಎಂದರೆ ಅದನ್ನು ಕೆತ್ತುವ ಹಕ್ಕು, ಒಬ್ಬನಿಂದ ಒಬ್ಬನಿಗೆ ಹೋಗುವುದಕ್ಕೆ ಒಂದೇ ದಾರಿ. ಮುಖದ ಒಡೆಯನಿಗೆ ಕೋರೆ ಸುತ್ತಿದ ಹಂದಿಯನ್ನು ಎಲ್ಲರ ಎದುರಿಗೆ ಕೊಡಬೇಕು. ಯಾಕೆ ಕೊಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಊರು ಅದನ್ನು ತಿನ್ನಬೇಕು. ಅಪ್ಪನ ಮುಖವನ್ನು ಮಗ ಕೆತ್ತಬೇಕಾದರೂ ಇದೇ ರೀತಿ. ತೈನ್ಮಲ್ ಕೂಡ ತನ್ನ ಅಜ್ಜ ಮೊದಲು ಕೆತ್ತಿದ ಮುಖವನ್ನು ತನ್ನ ಅಪ್ಪನಿಂದ ಹಂದಿ ಕೊಟ್ಟೇ ತಂದುಕೊಂಡವನು. ಹಂದಿಯಿಲ್ಲದೆ ಮುಖ ಹೋಗುವುದೆಂದರೆ ಮೋಡವಿಲ್ಲದೆ ಮಳೆ ಬಿದ್ದ ಹಾಗೆ.

ಎಲ್ಲರ ಕಣ್ಣೂ ನಿಧಾನವಾಗಿ ವೊರ್ವೊರ್ ಕಡೆ ತಿರುಗಿದವು. ವೊರ್ವೊರ್ ತೈನ್ಮಲ್‌ನ ಚಿಕ್ಕಪ್ಪನ ಮಗ, ಅವನೂ ಕೆತ್ತುವವನು. ಹೋದ ಬೇಸಿಗೆಯಲ್ಲಿ ಹಾಯಿದೋಣಿಯಲ್ಲಿ ಬಂದ ಬಿಳಿಯರು ಅವನ ಅಂಗಳದಲ್ಲಿ ಉಳಿದಿದ್ದರು. ಅದೇ ವಾರ ಅವನ ಮನೆಯಲ್ಲಿ ಹಂದಿಯೂಟ ಆಗಿತ್ತು.

“ಯಾಕ್ರೋ ನನ್ನ ನೋಡ್ತೀರಾ?”

“ನೀನೇ,” ಎಂದ ತೈನ್ಮಲ್. “ಬಿಳಿಯರ ಹಂದಿ ತಿಂದು ನಮ್ಮಜ್ಜನ ಮುಖ ಮಾರಿದೋನು ನೀನೇ.”

“ಏ ಮಂಕೇ, ಅದು ನನ್ನ ಮಗಳ ಮದುವೆ ಹಂದಿ ಕಣೋ! ನೀನೇ ಎರಡು ಸಲ ಬಡಿಸ್ಕೊಂಡಲ್ಲ. ತೊಡೆ ತುಂಡೇ ಬೇಕು ಅಂತ ಹಠ ಹಿಡಿದೋನು ಯಾರು?”

“ತಿಂದೆ. ಯಾವ ಹಂದಿ ಅಂತ ನಂಗೇನ್ ಗೊತ್ತು?”

“ತಿನ್ನೋವಾಗ ಕೇಳ್ಬೇಕಾಗಿತ್ತು!”

ನಕ್ಕವರು ನಕ್ಕರು. ಆದರೆ ವೊರ್ವೊರ್ ನಗಲಿಲ್ಲ. ತನ್ನನ್ನು ಕಳ್ಳನೆಂದದ್ದು ಮುಖಂಡನ ಎದುರಿಗೆ. ಅವನು ಎದ್ದು ಹೋದ. ಬೆಳಗಾಗುವಷ್ಟರಲ್ಲಿ ಅವನ ಅಂಗಳದ ಬಾಯಿಗೆ ನಮೆಲೆ ಎಲೆ ನೆಟ್ಟಿತ್ತು: ತೈನ್ಮಲ್‌ನ ಮನೆಯವರು ಇತ್ತ ಕಾಲಿಡಕೂಡದು. ಊರಿನ ಸಿಹಿನೀರಿನ ಒರತೆಗೆ ಹತ್ತಿರದ ದಾರಿ ಆ ಅಂಗಳದ ಮೇಲೆಯೇ ಹೋಗುತ್ತದೆ. ಲೀನೆಟ್ ಕೊಡ ಹೊತ್ತು ಜ್ವಾಲಾಮುಖಿಯ ಬೂದಿಗುಡ್ಡ ಸುತ್ತಿ ಹೋಗಿ ನೀರು ತಂದಳು. ತಂದು, ಕೊಡವನ್ನು ಗಂಡನ ಕಾಲಿನ ಪಕ್ಕದಲ್ಲಿ ಕುಕ್ಕಿದಳು.

“ನಿನ್ನ ಬಾಯಿಗೆ ನನ್ನ ತಲೆ ಹೊರಬೇಕಾ? ನಾಳೆಯಿಂದ ನೀನೇ ತಾ.”

ಎರಡು ದಿನ ತೈನ್ಮಲ್ ನೀರು ತಂದ. ಮೂರನೆಯ ದಿನ ಎವ್ಲಿನ್ ಮತ್ತೆ ಫೋನು ಮಾಡಿದಾಗ ಅರ್ಧ ಊರು ಆಲದ ಬುಡದಲ್ಲಿ ಕೂತಿತ್ತು. ಫೋನನ್ನು ಕಲ್ಲಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದರು.

“ಕಂಪನಿಯೋರು ಹಂದಿ ಕೊಟ್ಟಿದ್ದು ಯಾರಿಗಮ್ಮಾ?” ಎಂದು ಕೇಳಿದ ಬೊಂಗ್ಮೌ.

“ಹಂದಿ? ಯಾರಿಗೂ ಕೊಟ್ಟಿಲ್ಲ ಮಾವ. ಒಂದು ಕಾಗದ ತುಂಬಿದ್ರು, ಶುಲ್ಕ ಕಟ್ಟಿದ್ರು, ಅಷ್ಟೇ.”

“ಶುಲ್ಕ ಯಾರಿಗೆ? ನಮಗಾ?”

“ಅವರ ಸರ್ಕಾರಕ್ಕೆ.”

“ಅವರ ಸರ್ಕಾರ ಯಾವಾಗ ಕೆತ್ತಿತ್ತು ಈ ಮುಖಾನ?”

“ಕೆತ್ತೋದು ಬೇಕಿಲ್ಲ ಮಾವ. ಮೊದಲು ಬಂದು ಬರೆಸಿದೋನೇ ಒಡೆಯ ಅಂತ ಲೆಕ್ಕ. ಅದಕ್ಕೆ ಮುಂಚೆ ಇನ್ಯಾರದ್ದೋ ಆಗಿತ್ತು ಅಂತಿದ್ರೆ, ಆ ಇನ್ಯಾರೋ ಅಲ್ಲಿಗೆ ಹೋಗಿ ಕೋರ್ಟಲ್ಲಿ ತೋರಿಸ್ಬೇಕು. ಲೋಕದ ವ್ಯಾಪಾರದ ಕೂಟಕ್ಕೆ ಸೇರೋವಾಗ ನಮ್ಮ ದೇಶಾನೂ ಇಂಥ ನಿಯಮಕ್ಕೆಲ್ಲ ಸಹಿ ಹಾಕಿದೆ. ಅವರ ಕಾಗದಕ್ಕೆ ನಾವು ಮರ್ಯಾದೆ ಕೊಡ್ಬೇಕು.”

“ಮತ್ತೆ ನಮ್ಮ ಹಂದಿಗೆ ಅವರು?”

“ಆ ನಿಯಮದ ಪುಸ್ತಕದಲ್ಲಿ ಹಂದಿ ಅನ್ನೋ ಮಾತೇ ಇಲ್ಲ ಮಾವ.”

“ಯಾರ ಎದುರಿಗೆ ಬರೆಸಿದ್ರು?” ಎಂದಳು ಲೀನೆಟ್.

“ಒಂದು ಮೇಜಿನ ಎದುರಿಗೆ, ಅಕ್ಕ.”

ಮೇಜಿನ ಎದುರಿಗೆ! ಇಷ್ಟು ಹೊತ್ತು ಗಂಭೀರವಾಗಿದ್ದ ಊರು ಬಿದ್ದು ಬಿದ್ದು ನಕ್ಕಿತು. ಒಬ್ಬರೂ ನೋಡಿಲ್ಲ, ಒಬ್ಬರೂ ತಿಂದಿಲ್ಲ, ಒಂದು ಬಾಲದ ತುದಿಯೂ ಯಾರಿಗೂ ಸಿಕ್ಕಿಲ್ಲ, ಮುಖ ಮಾತ್ರ ಹೋಗಿದೆ! ನಗದೆ ಉಳಿದವನು ತೈನ್ಮಲ್ ಒಬ್ಬನೇ. ಅವನು ಕಣ್ಣೋರೆಯಲ್ಲಿ ವೊರ್ವೊರ್‌ನನ್ನು ನೋಡಿದ. ವೊರ್ವೊರ್ ಆಕಾಶ ನೋಡುತ್ತಿದ್ದ.

ಆ ಸಂಜೆ ತೈನ್ಮಲ್ ಹೆಗಲ ಮೇಲೆ ಕಾವಾ ಬೇರು, ಕಂಕುಳಲ್ಲಿ ಹುಂಜ ಇಟ್ಟುಕೊಂಡು ನಮೆಲೆ ಎಲೆಯ ಈಚೆ ನಿಂತ. ವೊರ್ವೊರ್ ಅಂಗಳದಲ್ಲಿ ಕೂತು ಚಾಕು ಮಸೆಯುತ್ತಿದ್ದ. ಮಸೆದ, ಮಸೆದ, ಮಸೆಯುತ್ತಲೇ ಇದ್ದ. ಹುಂಜ ತೈನ್ಮಲ್‌ನ ಕೈ ಕುಕ್ಕಿತು.

“ಲೋ, ಎಷ್ಟೊತ್ತು ನಿಲ್ಲಿಸ್ತೀಯೋ?”

“ತಪ್ಪಾಯ್ತು ಅನ್ನೋ ಮಾತು ಎಲ್ಲೋ ಹುಡುಕ್ತಾ ಇದೀಯೇನೋ ಅಂದ್ಕೊಂಡೆ.”

“ಆಯ್ತು ಮಾರಾಯ. ತಪ್ಪಾಯ್ತು.”

“ಯಾರ್ದು?”

“ನಂದೇ ಕಣೋ! ನಿಮ್ಮಪ್ಪಂದಾ?”

ವೊರ್ವೊರ್ ನಕ್ಕು ಎದ್ದು ಎಲೆ ಕಿತ್ತ. ಹುಂಜ ಆ ರಾತ್ರಿ ಎಲೆಯಲ್ಲಿ ಸುತ್ತಿ ಬಿಸಿಕಲ್ಲಿನ ಮೇಲೆ ಬೇಯಿಸುವ ಗೆಣಸಿನ ಲಾಪ್‌ಲಾಪ್‌ಗೆ ಸೇರಿತು.

ಎವ್ಲಿನ್ ಸುಮ್ಮನೆ ಕೂರಲಿಲ್ಲ. ಆ ದೇಶದಲ್ಲಿ ಕೋರ್ಟಿಗೆ ಹೋಗುವುದೆಂದರೆ ಅಂಬ್ರಿಮ್‌ನ ಹಂದಿಗಳನ್ನೆಲ್ಲ ಮಾರಿದರೂ ಮೊದಲ ದಿನದ ವಕೀಲರ ಕಾಫಿಗೆ ಸಾಲದು. ಅದಕ್ಕೆ ಅವಳು ವಿಲಾದ ಪತ್ರಿಕೆಯಲ್ಲಿ ಬರೆಸಿದಳು. ಗ್ರಂಥಾಲಯದವರಿಗೂ ಬರೆದಳು. ಅವರು ಕೆರಳಿ ಅಲ್ಲಿನ ಪತ್ರಿಕೆಗಳಲ್ಲಿ ಬರೆಸಿದರು. ಕಂಪನಿಗೆ ಇರಿಸುಮುರಿಸಾಯಿತು. ಮುಂದಿನ ದೋಣಿಯಲ್ಲಿ ಎವ್ಲಿನ್ ಜೊತೆಗೆ ಕಂಪನಿಯ ಹೆಂಗಸೊಬ್ಬಳು ಬಂದಳು. ಹೆಸರು ಡಾಫ್ನಿ. ಐವತ್ತರ ಆಸುಪಾಸು, ದೊಡ್ಡ ಟೋಪಿ, ಬಿಸಿಲಿಗೆ ಬೆಂದು ಸೀಗಡಿಯಂತಾದ ಮೂಗು. ದೋಣಿಯಿಂದ ಇಳಿಯುವಾಗ ಸೊಂಟದವರೆಗೆ ನೀರಿಗೆ ಬಿದ್ದು ತಾನೇ ನಕ್ಕಳು. ಲೀನೆಟ್‌ಗೆ ಅವಳು ಅಲ್ಲಿಯೇ ಹಿಡಿಸಿದಳು.

ತೈನ್ಮಲ್‌ಗೆ ಹಿಡಿಸಲಿಲ್ಲ. ಅದಕ್ಕೆ ಕಾರಣ ಅವಳು ಚೀಲದಿಂದ ತೆಗೆದ ಕಾಗದ. ಎವ್ಲಿನ್ ಅದನ್ನು ಓದಿ ಹೇಳಿದಳು: ಕಂಪನಿಯು ದೊಡ್ಡ ಮನಸ್ಸು ಮಾಡಿ, ಏನೂ ಹಣ ಪಡೆಯದೆ, ಈ ಮುಖವನ್ನು ಕೆತ್ತಲು ತೈನ್ಮಲ್‌ಗೆ ಅನುಮತಿ ಕೊಡುತ್ತಿದೆ. ಸಹಿ ಹಾಕಿದರೆ ತಮ್‌ತಮ್ ಬಿಡುಗಡೆ.

ನಾಯಿಗಳು ಒಲೆಮನೆಯ ಹಿಂದಕ್ಕೆ ಹೋದವು.

“ನಮ್ಮಜ್ಜನ ಮುಖ ನಂಗೇ ದಾನ ಕೊಡೋಕೆ ಬಂದಿದ್ದಾಳಾ? ನಾಳೆ ನನ್ನ ಹೆಂಡ್ತೀನ ನಂಗೇ ಬಾಡಿಗೆಗೆ ಕೊಡ್ತಾಳಾ?”

“ಬಾಡಿಗೆ ಎಷ್ಟು ಅಂತ ಕೇಳು ಮೊದಲು,” ಎಂದಳು ಲೀನೆಟ್. ಮತ್ತೆ ಗಂಡನ ತೋಳು ಹಿಡಿದು, “ಕೂಗಾಡಿದ್ರೆ ನಿನ್ನ ತಮ್‌ತಮ್ ಪುಡಿಯಾಗುತ್ತೆ. ಅವಳ ಕಾಗದದ ದಾರಿ ಬೇಡ. ನಮ್ಮ ದಾರಿಗೆ ಕರಿ. ಹಂದಿ ಎಲ್ಲಿ ಅಂತ ಕೇಳು,” ಎಂದಳು.

ಕೇಳಿದರು. ಡಾಫ್ನಿಗೆ ಖುಷಿಯೋ ಖುಷಿ. ಊರಿನ ಪದ್ಧತಿಯಂತೆಯೇ ಆಗಲಿ ಎಂದಳು. ಗುಡ್ಡ ಹತ್ತಿ ತನ್ನ ಯಜಮಾನನಿಗೆ ಫೋನು ಮಾಡಿ ಬಂದಳು. ಅವನಿಗೂ ಸಂತೋಷ, ಒಳ್ಳೆಯ ವಿಡಿಯೊ ಮಾಡಿಕೊಂಡು ಬಾ, ಜನರಿಗೆ ಇಂಥದ್ದು ಇಷ್ಟ ಎಂದನಂತೆ. ಹಂದಿಯನ್ನು ವೊರ್ವೊರ್ ಹತ್ತಿರ ಕೊಳ್ಳುವುದೆಂದಾಯಿತು.

ಎವ್ಲಿನ್ ಭಾವನನ್ನು ಬಾಳೆಯ ಮರೆಗೆ ಎಳೆದು ಪಿಸುಗುಟ್ಟಿದಳು: “ಬಾಯಿ ಮುಚ್ಕೊಂಡಿರು ಭಾವ. ತನ್ನದೇ ಆದ ವಸ್ತುವಿಗೆ ಯಾರೂ ಬೆಲೆ ಕೊಡಲ್ಲ. ಕೊಟ್ಟಳು ಅಂದ್ರೆ ಮುಖ ನಿಮ್ಮದು ಅಂತ ಕಂಪನೀನೇ ಒಪ್ಪಿಕೊಂಡ ಹಾಗೆ. ನಾನು ಎಲ್ಲಾ ವಿಡಿಯೊ ಮಾಡ್ತೀನಿ. ಅವರ ಹಗ್ಗದಲ್ಲಿ ಅವರನ್ನೇ ಕಟ್ಟೋಣ.”

ತೈನ್ಮಲ್ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ. ಅವನ ಅಪ್ಪ ಹಂದಿ ತೆಗೆದುಕೊಂಡಾಗ ಮಗನ ಕಣ್ಣು ನೋಡಿ ತೆಗೆದುಕೊಂಡಿದ್ದ. ಹಂದಿಯ ವಿಷಯದಲ್ಲಿ ಈವರೆಗೆ ಯಾರೂ ಯಾರನ್ನೂ ಬಲೆಗೆ ಕೆಡವಿದ್ದಿಲ್ಲ.

ಬೆಳಿಗ್ಗೆ ಕುಣಿತದ ಬಯಲಿನಲ್ಲಿ ಊರು ಸೇರಿತು. ವೊರ್ವೊರ್ ಕೋರೆಹಂದಿಯ ಹಗ್ಗವನ್ನು ಡಾಫ್ನಿಯ ಕೈಗೆ ಕೊಟ್ಟ. ಹಂದಿಗೆ ಅವಳು ಒಡತಿ ಎಂದು ಅನ್ನಿಸಲಿಲ್ಲ. ಅವಳನ್ನು ಎಳೆದುಕೊಂಡು ಗೆಣಸಿನ ತೋಟದ ಕಡೆ ಹೊರಟಿತು. ನಾಲ್ಕು ಜನ ಹಿಡಿದು ನಿಲ್ಲಿಸಿದರು. ಟೋಪಿ ಹಂದಿಯ ಕಾಲಡಿಗೆ ಹೋಯಿತು. ಎವ್ಲಿನ್ ಫೋನು ಎತ್ತಿ ವಿಡಿಯೊ ಮಾಡತೊಡಗಿದಳು. ಆಗ ತೈನ್ಮಲ್ ಮುಂದೆ ಬಂದ.

“ಎವ್ಲಿನ್, ನಾನು ಹೇಳೋದನ್ನ ಇವಳ ಭಾಷೆಯಲ್ಲಿ ಹೇಳು. ಒಂದು ಮಾತೂ ಬಿಡಬೇಡ. ಅಮ್ಮಾ, ಈ ಹಂದಿ ಕೊಟ್ರೆ ಮುಖ ನಮ್ಮದು ಅಂತ ನೀನು ಒಪ್ಪಿದ ಹಾಗೆ. ನನ್ನ ನಾದಿನಿ ಇದನ್ನ ನಿನಗೆ ಹೇಳದೆ ಮಾಡಿಸೋಣ ಅಂದ್ಲು. ಹಂದೀಲಿ ನಂಗೆ ಮೋಸ ಬೇಡ. ಬೇಡ ಅನ್ನಿಸಿದ್ರೆ ಹಗ್ಗ ಬಿಡು, ಮಧ್ಯಾಹ್ನದ ದೋಣಿಗೆ ಹೋಗು. ನನ್ನ ತಮ್‌ತಮ್ ಹೋದ್ರೆ ಹೋಗ್ಲಿ.”

ಎವ್ಲಿನ್ ಹಣೆ ಬಡಿದುಕೊಂಡಳು. “ಭಾವ, ನಿನಗೆ ವಕೀಲರು ಬೇಕಾಗಿಲ್ಲ. ಬೀಗ ಬೇಕು.” ಆದರೂ ಹೇಳಿದಳು, ಒಂದು ಮಾತೂ ಬಿಡದೆ.

ಡಾಫ್ನಿಯ ಮುಖದ ನಗು ಹೋಯಿತು. ಹಗ್ಗವನ್ನು ವೊರ್ವೊರ್ ಕೈಗೆ ಕೊಟ್ಟು, ಬಯಲಿನ ಅಂಚಿಗೆ ಹೋಗಿ ನಿಂತಳು. ಅಲ್ಲಿ ತೈನ್ಮಲ್‌ನ ಅಜ್ಜ ಕೆತ್ತಿದ ಹಳೆಯ ತಮ್‌ತಮ್ ನಿಂತಿತ್ತು. ಮೈತುಂಬ ಪಾಚಿ, ಬುಡದಲ್ಲಿ ಗೆದ್ದಲು, ಆದರೆ ಮುಖ ಗಟ್ಟಿ. ಅದರ ಮೂಗಿನ ಎಡಹೊಳ್ಳೆ ಇಲ್ಲ. ಅಲ್ಲಿ ಓರೆಯಾದ ಒಂದು ಕಚ್ಚು. ಅವಳು ಅದನ್ನೇ ನೋಡಿದಳು. ಚೀಲದಿಂದ ಕಂಪನಿಯ ಬಣ್ಣದ ಪುಸ್ತಕ ತೆಗೆದಳು. ಅದರಲ್ಲಿ ಕಂಪನಿ ಮಾರುವ, ತೋಟದಲ್ಲಿ ನಿಲ್ಲಿಸುವ ಪ್ಲಾಸ್ಟಿಕ್ ತಮ್‌ತಮ್‌ಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮೂಗಿನಲ್ಲೂ ಅದೇ ಎಡಕ್ಕೆ ಅದೇ ಓರೆ ಕಚ್ಚು.

“ಈ ಮೂಗು ಯಾಕೆ ಹೀಗೆ ಅಂತ ಕೇಳ್ತಿದ್ದಾಳೆ,” ಎಂದಳು ಎವ್ಲಿನ್. “ಇದು ಕಡಲ ಅಲೆ ನೋಡಿ ತಮ್ಮ ಕಲಾವಿದನಿಗೆ ಹೊಳೆದಿದ್ದು ಅಂತ ಈ ಪುಸ್ತಕದಲ್ಲಿ ಬರೆದಿದೆಯಂತೆ.”

ಲೀನೆಟ್ ನಗು ತಡೆಯಲಾರದೆ ಸೆರಗಿಲ್ಲದ ಉಡುಪಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ಕುಸಿದು ಕೂತಳು.

“ಅಲೆಯಲ್ಲ ಕಣಮ್ಮಾ, ಸೀದ ಲಾಪ್‌ಲಾಪ್! ಇವರಜ್ಜ ಕೆತ್ತುತಾ ಕೂತಿದ್ದಾಗ ಅಜ್ಜಿ ಲಾಪ್‌ಲಾಪ್ ಸೀಯಿಸಿಬಿಟ್ಲು. ಆ ಸಿಟ್ಟಿಗೆ ಬಾಚಿ ಬೀಸಿದ. ಮೂಗು ಹಾರ್ತು. ಮೂರು ತಲೆಮಾರಿನ ಕೋಪ ಆ ಮೂಗಲ್ಲಿದೆ!”

“ಮುಖ ತಂದುಕೊಂಡೋನು ಇದ್ದ ಹಾಗೇ ಕೆತ್ತಬೇಕು,” ಎಂದ ತೈನ್ಮಲ್ ಸೆಟೆದುಕೊಂಡು. “ಅದಕ್ಕೇ ನಾನೂ ಕಚ್ಚು ಬಿಡ್ತೀನಿ. ನಗೋದೇನಿದೆ?”

ಎವ್ಲಿನ್ ಹೇಳಿ ಮುಗಿಸುವ ಮೊದಲೇ ಡಾಫ್ನಿ ನಗತೊಡಗಿದಳು. ಸಾವಿರಾರು ತೋಟಗಳಲ್ಲಿ ಸಾವಿರಾರು ಮೂಗುಗಳು, ಎಲ್ಲವೂ ಒಬ್ಬ ಮುದುಕಿಯ ಸೀದ ಅಡುಗೆಯಿಂದ ಮುರಿದವು! ನಗುತ್ತಾ ಕಣ್ಣು ಒರೆಸಿಕೊಂಡು ಎವ್ಲಿನ್‌ಗೆ ಏನೋ ಹೇಳಿದಳು.

“ಬೆಳಿಗ್ಗೆ ಮತ್ತೆ ಫೋನು ಮಾಡಿದಾಗ ಯಜಮಾನ ಹೇಳಿದ್ದನಂತೆ: ಹಂದೀನ ಉಡುಗೊರೆ ಅಂತ ಹೇಳು, ಬೇರೇನೂ ಬಾಯಿಬಿಡಬೇಡ ಅಂತ.”

“ಉಡುಗೊರೆ ಹಂದಿ ಬರೀ ಮಾಂಸ,” ಎಂದ ಬೊಂಗ್ಮೌ. “ಯಾಕೆ ಅಂತ ಹೇಳಿದ್ರೆ ಮಾತ್ರ ಹಂದಿ.”

ಡಾಫ್ನಿ ತಿರುಗಿ ಹಗ್ಗ ಹಿಡಿದಳು. ಈ ಸಲ ಎರಡು ಕೈಯಲ್ಲೂ. ಎವ್ಲಿನ್‌ಳ ಫೋನಿನ ಕಡೆ ಮುಖ ಮಾಡಿ ದೊಡ್ಡ ದನಿಯಲ್ಲಿ ಹೇಳಿದಳು: ಈ ಮುಖ ಈ ಬಯಲಿನದು. ನಾವು ಇದನ್ನು ಕೇಳದೆ ತೆಗೆದುಕೊಂಡೆವು, ಮೂಗಿನ ಕಚ್ಚಿನ ಸಮೇತ. ಈಗ ಕೇಳುವುದಕ್ಕೆ ಈ ಹಂದಿ.

ಆಲದ ಮರದ ಹಕ್ಕಿಗಳು ಹಾರಿ ಹೋಗುವ ಹಾಗೆ ತೈನ್ಮಲ್ ಅಜ್ಜನ ತಮ್‌ತಮ್ ಬಡಿದ.

ಆದರೆ ಬೊಂಗ್ಮೌ ಕೈ ಎತ್ತಿದ. ಒಂದು ತೊಡಕಿತ್ತು. ಈ ಊರಿನಲ್ಲಿ ಹೆಂಗಸರು ಚಾಪೆ ಹೆಣೆಯುತ್ತಾರೆ, ಮುಖ ಕೆತ್ತುವುದಿಲ್ಲ. ಹಂದಿ ಕೊಟ್ಟಾಯಿತು, ಮುಖ ಹೋಗುವುದು ಯಾರಿಗೆ? ಕಂಪನಿಗೆ ಕೊಡೋಣವೆಂದರೆ ಕಂಪನಿಗೆ ಕೈಯಿಲ್ಲ, ಬಾಚಿ ಹಿಡಿಯುವುದು ಹೇಗೆ?

“ಅಣ್ಣ ತಮ್ಮ ಯಾರಾದ್ರೂ ಇದ್ದಾರಾ ಕೇಳು.”

“ಒಬ್ಬ ತಮ್ಮ ಇದ್ದಾನಂತೆ. ಹಲ್ಲಿನ ಡಾಕ್ಟರು.”

ಹಿರಿಯರು ತಲೆ ಕೂಡಿಸಿ ಮಾತಾಡಿದರು. “ಹಲ್ಲು ಕೆತ್ತೋನೂ ಕೆತ್ತೋನೇ,” ಎಂದು ಬೊಂಗ್ಮೌ ತೀರ್ಪು ಕೊಟ್ಟ. “ಮುಖ ಅವನಿಗೆ. ಅವನು ಕೆತ್ತಬಹುದು. ಕಂಪನಿ ಕೆತ್ತಬಾರದು.” ಮಧ್ಯಾಹ್ನ ಎಲ್ಲರೂ ಉಂಡರು. ಡಾಫ್ನಿಯೂ ಉಂಡಳು. ತೊಡೆ ತುಂಡು ತೈನ್ಮಲ್‌ಗೆ ಹೋಯಿತು. ವೊರ್ವೊರ್ ಅವನ ಎಲೆಯ ಮೇಲೆ ಬಾಗಿ, “ಯಾವ ಹಂದಿ ಅಂತ ಕೇಳ್ಕೊಂಡು ತಿನ್ನಪ್ಪಾ,” ಎಂದ.

ಅವಳ ಯಜಮಾನ ಕೆಂಡವಾದನೆಂದು ಆಮೇಲೆ ತಿಳಿಯಿತು. ಆದರೆ ಆ ವಿಡಿಯೊ ಅಷ್ಟರಲ್ಲಿ ಗ್ರಂಥಾಲಯದವರ ಕೈ ಸೇರಿತ್ತು, ಪಾಚಿ ಹಿಡಿದ ಮೂಗಿನ ಸಮೇತ. ಹೊಸದೆಂದು ಬರೆಸಿದ್ದು ಹಳೆಯದೆಂದು ಕಣ್ಣಿಗೆ ಕಂಡ ಮೇಲೆ ಆ ಬರಹ ಉಳಿಯುವುದಿಲ್ಲವೆಂದು ಅವನ ವಕೀಲರೇ ಹೇಳಿದರಂತೆ. ಕಂಪನಿ ದಾಖಲೆ ಹಿಂತೆಗೆದುಕೊಂಡಿತು. ತಮ್‌ತಮ್ ಬಂದರಿನಿಂದ ಹೊರಬಿದ್ದು ಗ್ರಂಥಾಲಯದ ತೋಟದಲ್ಲಿ ನಿಂತಿತು. ಡಾಫ್ನಿ ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿದಳು. ಅಲ್ಲಿ ಹಂದಿ ಎಳೆಯುವ ಕೆಲಸವಿಲ್ಲ ಎಂದು ಬರೆದಿದ್ದಳು. ಎವ್ಲಿನ್ ಮಾತ್ರ, “ಒಂದು ಮುಖ ಉಳೀತು ಭಾವ. ಮಿಕ್ಕಿದ್ದಕ್ಕೆಲ್ಲ ಅಷ್ಟು ಒಳ್ಳೆ ಹೆಂಗಸರು ದೋಣೀಲಿ ಬರಲ್ಲ,” ಎಂದು ವಿಲಾದ ಕಚೇರಿಗಳ ಮೆಟ್ಟಿಲು ಹತ್ತುತ್ತಲೇ ಇದ್ದಾಳೆ. ಆ ನಿಯಮದ ಪುಸ್ತಕದಲ್ಲಿ ಹಂದಿಯ ಮಾತು ಸೇರಿಸುವವರೆಗೆ ಬಿಡುವವಳಲ್ಲ.

ಗೆಣಸು ಅಗೆಯುವ ಕಾಲಕ್ಕೆ ಒಂದು ಫೋಟೊ ಬಂತು. ಡಾಫ್ನಿಯ ತಮ್ಮ, ಬಿಳಿ ಅಂಗಿಯ ಹಲ್ಲಿನ ಡಾಕ್ಟರು, ಮೊಣಕಾಲೆತ್ತರದ ತಮ್‌ತಮ್ ಪಕ್ಕದಲ್ಲಿ ನಿಂತಿದ್ದ. ತಟ್ಟೆಗಣ್ಣು ಸರಿ. ಮೂಗಿನ ಕಚ್ಚು ಸರಿ. ಆದರೆ ಬಾಯೊಳಗೆ ಎರಡು ಸಾಲು ಹಲ್ಲು! ಒಂದೂ ಓರೆಯಿಲ್ಲ, ಮುತ್ತು ಪೋಣಿಸಿದ ಹಾಗೆ.

ಬೊಂಗ್ಮೌ ಫೋಟೊವನ್ನು ಬೆಂಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

“ಹಲ್ಲು ಹಾಕಿದೋರು ನಮ್ಮಲ್ಲಿ ಯಾರೂ ಇರಲಿಲ್ಲ,” ಎಂದ ವೊರ್ವೊರ್. “ಚೆನ್ನಾಗಿದೆ ಕಣೋ. ನನ್ನ ಮುಂದಿನ ತಮ್‌ತಮ್‌ಗೆ ನಾನೂ ಹಲ್ಲು ಇಡ್ತೀನಿ.”

“ಇಡ್ತೀಯಾ?” ತೈನ್ಮಲ್ ಚಿಪ್ಪು ಕೆಳಗಿಟ್ಟ. ಹೊರಗೆ ಒಂದು ನಾಯಿ ಎದ್ದು ನಿಂತಿತು. “ಹಲ್ಲು ಅವನ್ದು. ಮೊದಲು ಹಂದಿ ಕಳಿಸು.”

“ಆಸ್ಟ್ರೇಲಿಯಾಕ್ಕಾ? ಎಲೇನೇ ಸುಡೋ ಜನ ಅವರು, ಹಂದಿ ಬಿಡ್ತಾರಾ?”

“ಅದು ನನ್ನ ಚಿಂತೆಯಲ್ಲ. ಹಂದಿ ಕೊಡದೆ ನೀನು ಒಂದೇ ಒಂದು ಹಲ್ಲು ಕೆತ್ತಿ ನೋಡು, ನಿನ್ನ ಹಲ್ಲು ಲೆಕ್ಕ ಹಾಕ್ತೀನಿ.”

“ಹಾಗಾದ್ರೆ ಅವನೇ ಇಲ್ಲಿಗೆ ಬರ್ಲಿ,” ಎಂದ ಬೊಂಗ್ಮೌ, ಬೋಳು ವಸಡಿನ ಮೇಲೆ ನಾಲಿಗೆ ಆಡಿಸುತ್ತಾ. “ಹಂದಿ ತಿಂದು ಹೋಗ್ಲಿ. ಬರೋವಾಗ ಅವನ ಸಾಮಾನಿನ ಪೆಟ್ಟಿಗೆ ತರೋಕೆ ಹೇಳ್ರೋ. ನಂಗೂ ಒಂದು ಸಾಲು ಬೇಕು.”